ಸಾಹೇಬರು ಬಂದಾಗ ಬಚ್ಚಿಟ್ಟ ಬಕೆಟ್

ನಾನು ಒಂದು ಕೆಂಪು ಬಕೆಟ್. ಕೆಂಪು ಎಂದು ನಾನೇ ಹೇಳಿಕೊಳ್ಳಬೇಕು, ಈಗ ನನ್ನನ್ನು ನೋಡಿದವರಿಗೆ ಅದು ಗೊತ್ತಾಗುವುದಿಲ್ಲ. ಕಂಠ ಸೀಳಿದೆ, ಹಿಡಿ ಹೋಗಿ ಅದರ ಜಾಗಕ್ಕೆ ತಂತಿ ಬಂದಿದೆ. ಸಿಟ್ಟು ಮಾತ್ರ ಸ್ವಲ್ಪವೂ ಹಳತಾಗಿಲ್ಲ.

ನನ್ನ ಹುಟ್ಟೇನೂ ದೊಡ್ಡದಲ್ಲ. ಮುರಿದ ಕುರ್ಚಿ, ಸವೆದ ಚಪ್ಪಲಿ, ಒಡೆದ ಕೊಡಗಳನ್ನು ಪುಡಿ ಮಾಡಿ, ಕರಗಿಸಿ, ಅಚ್ಚಿಗೆ ಸುರಿದು ನನ್ನನ್ನು ತೆಗೆದರು. ಎಷ್ಟು ಮನೆಗಳ ಕಸ ನನ್ನ ಮೈಯಲ್ಲಿದೆಯೋ ನನಗೇ ತಿಳಿಯದು. ಒಂದರೊಳಗೊಂದು ತುರುಕಿ ಲಾರಿಗೆ ಹೇರಿದಾಗ ನಾವು ಬಕೆಟ್ಟುಗಳೆಲ್ಲ ಒಂದೇ ಮಾತು ಆಡಿಕೊಂಡೆವು. ಯಾರ ಮನೆಗೆ ಹೋದರೂ ಸರಿ, ನಲ್ಲಿಯ ಕೆಳಗೆ ಕೂರುವ ಭಾಗ್ಯ ಸಿಗಲಿ. ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ಬಕೆಟ್ಟಿಗೆ ಇನ್ನೇನು ಬೇಕು?

ರಾಯಚೂರು ಕಡೆಯ ಒಂದು ಸಣ್ಣ ಊರಿನ ಸಂತೆಯಲ್ಲಿ ಭೀಮವ್ವ ಎಂಬ ಹೆಂಗಸು ನನ್ನನ್ನು ಕೊಂಡಳು. ಕೊಳ್ಳುವ ಮುಂಚೆ ನನ್ನನ್ನು ತಲೆಕೆಳಗು ಮಾಡಿ, ತಳಕ್ಕೆ ಬೆರಳಿನಿಂದ ಬಡಿದು, ಬಿಸಿಲಿಗೆ ಹಿಡಿದು ತೂತು ಹುಡುಕಿದಳು. ಅಂಗಡಿಯವನಿಗೆ ರೇಗಿಹೋಯಿತು.

"ಯವ್ವಾ, ಬಕೀಟ ತಗೊಳ್ಳಾಕ ಬಂದಿಯೋ, ಸೊಸಿ ನೋಡಾಕ ಬಂದಿಯೋ?" ಎಂದ.

"ನಿನ್ನ ಬಾಯಿಮಾತು ನಂಬಿದ್ರ ಇದರಾಗ ನೀರು ನಿಂದರ್ತಾವೇನು?" ಎಂದಳು ಭೀಮವ್ವ.

ಅವಳ ಮಗಳು ದ್ಯಾವಮ್ಮ ಐದನೇ ಕ್ಲಾಸು ಮುಗಿಸಿದ್ದಳು. ಊರಿನ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಭೀಮವ್ವ ಮತ್ತು ಅವಳ ಗಂಡ ದುರುಗಪ್ಪ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಕೂಲಿಗೆ ಹೋಗುವವರು. ಮಗಳನ್ನು ತಾಲೂಕಿನ ಹೆಣ್ಣುಮಕ್ಕಳ ವಸತಿ ಶಾಲೆಗೆ ಸೇರಿಸಿದ್ದರು. ಅಲ್ಲಿ ಊಟ, ಬಟ್ಟೆ, ಪುಸ್ತಕ ಎಲ್ಲ ಪುಕ್ಕಟೆ. ಮನೆಯಿಂದ ತರಬೇಕಾದ್ದು ಟ್ರಂಕು, ತಟ್ಟೆ ಮತ್ತು ಬಕೆಟ್. ಸರ್ಕಾರಿ ಹಾಸ್ಟೆಲಿಗೆ ಪ್ರತಿಯೊಬ್ಬಳೂ ಬಕೆಟ್ ಯಾಕೆ ತರಬೇಕು ಎಂದು ಆಗ ಯಾರೂ ಕೇಳಲಿಲ್ಲ. ಕೇಳಬೇಕಿತ್ತು.

ಶಾಲೆ ನೋಡಿದ ಕೂಡಲೇ ನನಗೇನೋ ಖುಷಿಯಾಯಿತು. ಹಾಸ್ಟೆಲಿನ ಹಿಂದೆ ಶೌಚಾಲಯಗಳ, ಬಚ್ಚಲುಗಳ ಉದ್ದ ಸಾಲು. ಒಂದೊಂದರಲ್ಲೂ ಹೊಳೆಯುವ ನಲ್ಲಿ. ಮಾಳಿಗೆಯ ಮೇಲೆ ಕಪ್ಪು ಟ್ಯಾಂಕು. ಕೈ ಹೇಗೆ ತೊಳೆಯಬೇಕೆಂದು ಗೋಡೆಯ ತುಂಬ ಬಣ್ಣದ ಚಿತ್ರಗಳು. ದ್ಯಾವಮ್ಮ ನನ್ನನ್ನು ಒಂದು ನಲ್ಲಿಯ ಕೆಳಗಿಟ್ಟು ತಿರುಗಿಸಿದಳು. ನಲ್ಲಿ ಒಂದು ಸಲ ಕೆಮ್ಮಿತು. ಒಂದು ಜೇಡ ಹೊರಬಂದು ನನ್ನೊಳಗೆ ಬಿತ್ತು. ನಾನು ಬೇಡಿಕೊಂಡಿದ್ದ ಭಾಗ್ಯ ಇಷ್ಟು.

ಕಾರಣ ಆಮೇಲೆ ತಿಳಿಯಿತು. ಅಡುಗೆಮನೆಯ ಹತ್ತಿರದ ದೊಡ್ಡ ಟ್ಯಾಂಕಿನಿಂದ ಹಿಂದಿನ ಮಾಳಿಗೆಯ ಟ್ಯಾಂಕಿಗೆ ನೀರು ಒಯ್ಯುವ ಪೈಪು, ಕಾಂಪೌಂಡಿನ ಪಾಯ ಅಗೆಯುವಾಗ ತುಂಡಾಗಿತ್ತು. ತುಂಡಾದದ್ದರ ಮೇಲೆ ಮಣ್ಣು ಮುಚ್ಚಿ ಗೋಡೆ ಕಟ್ಟಿಬಿಟ್ಟರು. ಜೋಡಿಸುವುದು ಯಾರ ಕೆಲಸ ಎಂಬುದು ತೀರ್ಮಾನವಾಗದೆ ವರ್ಷಗಳೇ ಕಳೆದಿದ್ದವು. ವಾರ್ಡನ್ ಪ್ರಮೀಳಾ ಮೇಡಂ ಒಮ್ಮೆ ಮೇಲಿನವರ ಮುಂದೆ ಬಾಯಿಬಿಟ್ಟಿದ್ದರಂತೆ. "ಇಷ್ಟು ಸಣ್ಣದನ್ನು ನಿಭಾಯಿಸೋಕೆ ಆಗಲ್ಲ ಅಂದ್ರೆ ಶಾಲೆ ಹೇಗೆ ನಡೆಸ್ತೀರಿ? ಮುಚ್ಚಿ ಪಕ್ಕದ ತಾಲೂಕಿಗೆ ಸೇರಿಸಿಬಿಡೋಣ" ಎಂದು ಗದರಿಸಿ ಕಳಿಸಿದರಂತೆ. ಶಾಲೆ ಮುಚ್ಚಿದರೆ ಈ ಹುಡುಗಿಯರಲ್ಲಿ ಯಾರೂ ಪಕ್ಕದ ತಾಲೂಕಿಗೆ ಹೋಗುವುದಿಲ್ಲ, ಎಲ್ಲರೂ ಮನೆಗೇ ಹೋಗುತ್ತಾರೆಂದು ಪ್ರಮೀಳಾ ಮೇಡಂಗೆ ಗೊತ್ತಿತ್ತು. ಅಂದಿನಿಂದ ಅವರು ಬಾಯಿಗೆ ಬೀಗ ಹಾಕಿಕೊಂಡರು.

ಹೀಗಾಗಿ ಹಾಸ್ಟೆಲಿನ ಅಷ್ಟೂ ಹುಡುಗಿಯರಿಗೆ ಅಡುಗೆಮನೆಯ ಗೋಡೆಗಿದ್ದ ಒಂದೇ ನಲ್ಲಿ ಗತಿ. ಅದರ ಮುಂದೆ ಬಕೆಟ್ಟುಗಳ ಪಾಳಿ. ಹುಡುಗಿಯರು ಓದುತ್ತಿರಲಿ, ಊಟಕ್ಕೆ ಕೂತಿರಲಿ, ಅವರ ಬದಲಿಗೆ ಪಾಳಿಯಲ್ಲಿ ನಾವು ನಿಲ್ಲುತ್ತಿದ್ದೆವು. ಬಕೆಟ್ ನಿಂತಲ್ಲಿ ಅದರ ಹುಡುಗಿ ನಿಂತಂತೆ. ಇನ್ನೊಬ್ಬಳ ಬಕೆಟ್ ಸರಿಸುವುದೆಂದರೆ ಜಡೆಗೆ ಜಡೆ ಹಿಡಿಯುವ ಜಗಳ. ಯಾರೋ ಒಬ್ಬಳು ನಲ್ಲಿಯ ಕೆಳಗೆ ಬಕೆಟ್ ಇಟ್ಟ ಸದ್ದು ಕಿವಿಗೆ ಬಿದ್ದರೆ ಸಾಕು, ಉಳಿದವರೆಲ್ಲ ಕೈಲಿದ್ದದ್ದು ಬಿಟ್ಟು ಬಕೆಟ್ ಹಿಡಿದು ಓಡಿಬರುತ್ತಿದ್ದರು. ಕೊನೆಗೆ ಬಿದ್ದವಳಿಗೆ ತಳದ ರಾಡಿಯೇ ಸಿಗುತ್ತಿತ್ತು.

ಮೊದಲ ಸಂಜೆಯೇ ಎಂಟನೇ ಕ್ಲಾಸಿನ ಕರೆಮ್ಮ ಎಂಬ ಹುಡುಗಿ ಹೊಸಬರನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು.

"ಹೊತ್ತು ಇಳಿದ ಮ್ಯಾಲ ನೀರು ಕುಡೀಬ್ಯಾಡ್ರಿ. ಊಟದಾಗೂ ಒಂದು ಗುಟುಕು ಅಷ್ಟ. ಕುಡದ್ರ ಹೋಗಬೇಕಾಗ್ತದ, ಹೋಗಬೇಕಂದ್ರ ಬಕೀಟ ಹೊರಬೇಕಾಗ್ತದ. ಹಗಲೊತ್ತೂ ತಡ್ಕೊಳ್ಳೂದು ಕಲೀರಿ. ರೂಢಿ ಆಗ್ತದ."

ಅಕ್ಕನಂತೆ ಅಕ್ಕರೆಯಿಂದಲೇ ಹೇಳಿದಳು. ಅವಳಿಗೂ ಹಿಂದಿನವರು ಹಾಗೆಯೇ ಹೇಳಿಕೊಟ್ಟಿದ್ದರು. ದ್ಯಾವಮ್ಮ ಜಾಣೆ, ಬೇಗ ಕಲಿತಳು. ನನ್ನ ಹೊಟ್ಟೆ ತುಂಬಿಸಿ ಎರಡೂ ಕೈಯಲ್ಲಿ ಹೊತ್ತು ತರುವ ಹುಡುಗಿಯ ತುಟಿ ಒಣಗಿ ಸಿಪ್ಪೆ ಏಳುವುದನ್ನು ಕೆಳಗಿನಿಂದ ನೋಡುತ್ತ ಕೂರುವುದು ನನ್ನ ಪಾಡಾಯಿತು. ವಿಜ್ಞಾನದ ಟೀಚರು ದಿನವೂ ಬೇಕಾದಷ್ಟು ನೀರು ಕುಡಿಯಬೇಕೆಂದು ಬರೆಸುತ್ತಿದ್ದರು. ಹುಡುಗಿಯರು ಅದನ್ನು ಬಾಯಿಪಾಠ ಮಾಡಿ ಪೂರ್ತಿ ಮಾರ್ಕು ತೆಗೆದುಕೊಳ್ಳುತ್ತಿದ್ದರು.

ಇದನ್ನಾದರೂ ಸಹಿಸಬಹುದಿತ್ತು. ನನ್ನ ತಲೆ ಕೆಡಿಸಿದ್ದು ಸಾಹೇಬರು ಬರುವ ದಿನಗಳು.

ತಪಾಸಣೆಗೆ ಯಾರಾದರೂ ಬರುತ್ತಾರೆಂದು ಗೊತ್ತಾದರೆ ಬೆಳಗಿನಿಂದಲೇ ಹಾಸ್ಟೆಲಿನಲ್ಲಿ ಗಡಿಬಿಡಿ. ಹಿಂದಿನ ಮಾಳಿಗೆಗೆ ಏಣಿ ಹಚ್ಚುತ್ತಿದ್ದರು. ಹುಡುಗಿಯರು ಏಣಿಯುದ್ದಕ್ಕೂ ನಿಂತು, ಅಡುಗೆಮನೆಯ ನಲ್ಲಿಯಿಂದ ತುಂಬಿದ ನಮ್ಮನ್ನು ಕೈಯಿಂದ ಕೈಗೆ ಮೇಲೆ ದಾಟಿಸಿ, ಆ ಒಣ ಟ್ಯಾಂಕಿಗೆ ನೀರು ಸುರಿಯುತ್ತಿದ್ದರು. ಸ್ನಾನವಿಲ್ಲ, ತಿಂಡಿಯಿಲ್ಲ. ಕೆಳಗೆ ಫಿನಾಯಿಲ್ ಹಾಕಿ ತಿಕ್ಕಿ, ಬಾಗಿಲಿಗೆ ರಂಗೋಲಿ ಬಿಡಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಪ್ರಮೀಳಾ ಮೇಡಂ ಕೂಗುತ್ತಿದ್ದರು: "ಬಕೆಟ್ ಒಂದೂ ಕಾಣಬಾರದು!" ನಮ್ಮನ್ನೆಲ್ಲ ಒಯ್ದು ಕಾಳಿನ ಕೋಣೆಯಲ್ಲಿ, ತೊಗರಿಬೇಳೆಯ ಚೀಲಗಳ ಹಿಂದೆ ತುರುಕಿ ಬಾಗಿಲು ಹಾಕುತ್ತಿದ್ದರು.

ಆಮೇಲೆ ಸಾಹೇಬರು ಬರುತ್ತಿದ್ದರು. ನಲ್ಲಿ ತಿರುಗಿಸುತ್ತಿದ್ದರು. ನೀರು ಬರುತ್ತಿತ್ತು. "ವೆರಿ ಗುಡ್" ಎಂದು ಚಹಾ ಕುಡಿದು ಹೋಗುತ್ತಿದ್ದರು. ಅವರ ಜೀಪು ಗೇಟು ದಾಟುವ ಹೊತ್ತಿಗೆ ಟ್ಯಾಂಕು ಖಾಲಿ. ಒಮ್ಮೆ ಒಂದು ಸಂಸ್ಥೆಯವರು ಬಂದು ಕೈ ತೊಳೆಯುವ ಹಾಡು ಕಲಿಸಿ, ಒಬ್ಬೊಬ್ಬಳಿಗೂ ಸುವಾಸನೆಯ ಸೋಪು ಕೊಟ್ಟು ಹೋದರು. ಸೋಪನ್ನು ಹುಡುಗಿಯರು ಟ್ರಂಕಿನ ಬಟ್ಟೆಯ ನಡುವೆ ಇಟ್ಟುಕೊಂಡರು, ಬಟ್ಟೆಗೆ ವಾಸನೆ ಬರಲಿ ಎಂದು.

ಏನು ಹೇಳಲಿ! ನೀರಿಲ್ಲ ಎಂದು ತಿಳಿಯಬೇಕಾದವರು ತಾವಾಗಿಯೇ ಮನೆ ಬಾಗಿಲಿಗೆ ಬಂದಾಗ, ಇವರು ಬೆವರು ಸುರಿಸಿ ನೀರಿದೆ ಎಂದು ತೋರಿಸುತ್ತಿದ್ದರು. ಹುಡುಗಿಯರಿಗೆ ಇದು ಶಾಲೆಯ ಮರ್ಯಾದೆ ಉಳಿಸುವ ಕೆಲಸ. ಸಂಜೆ ಪಾಳಿಯಲ್ಲಿ ನಿಂತು, "ಅವರಿಗೆ ಗೊತ್ತ ಆಗಲಿಲ್ಲ ನೋಡ" ಎಂದು ನಗುತ್ತಿದ್ದರು. ನನಗೆ ಬಾಯಿದ್ದಿದ್ದರೆ ಚೀಲಗಳ ಹಿಂದಿನಿಂದ ಕಿರುಚುತ್ತಿದ್ದೆ.

ಏಳನೇ ಕ್ಲಾಸಿನಲ್ಲಿ ದ್ಯಾವಮ್ಮ ದೊಡ್ಡವಳಾದಳು. ಅಲ್ಲಿ ಇನ್ನೊಂದು ಕಟ್ಟಳೆ ಇತ್ತು. ಹೊರಗಾದವಳು ಅಡುಗೆಮನೆಯ ನಲ್ಲಿ ಮುಟ್ಟುವಂತಿಲ್ಲ. ಅವಳ ಬಕೆಟ್ ಪಾಳಿಯ ಕೊನೆಗೆ, ಅದೂ ಒಂದು ಮಾರು ದೂರದಲ್ಲಿ. ಎಲ್ಲರದೂ ಮುಗಿದ ಮೇಲೆ ಯಾರಿಗಾದರೂ ದಯೆ ಬಂದರೆ ತುಂಬಿಸಿ ಕೊಡಬೇಕು. ಯಾವಳಿಗೆ ಆ ದಿನ ಎರಡು ಬಕೆಟ್ ನೀರು ಹೆಚ್ಚು ಬೇಕೋ ಅವಳಿಗೇ ಕಡಿಮೆ. ಇದನ್ನು ಮಾಡಿದ್ದು ಯಾವ ಸಾಹೇಬರೂ ಅಲ್ಲ, ಹುಡುಗಿಯರೇ. ಆ ದಿನಗಳಲ್ಲಿ ದ್ಯಾವಮ್ಮ ಬಟ್ಟೆಯನ್ನು ಅರೆಬರೆ ತೊಳೆದು ಟ್ರಂಕಿನ ಹಿಂದೆ ಒಣಹಾಕುತ್ತಿದ್ದಳು. ನೀರು ಕುಡಿಯುವುದನ್ನು ಪೂರ್ತಿ ಬಿಟ್ಟೇಬಿಡುತ್ತಿದ್ದಳು.

ಎಂಟನೆಯ ಕ್ಲಾಸಿನಲ್ಲಿ ಅವಳಿಗೆ ಉರಿ ಶುರುವಾಯಿತು. ಬಚ್ಚಲಿನ ಬಾಗಿಲು ಹಾಕಿಕೊಂಡು, ಹಲ್ಲು ಕಚ್ಚಿ, ನನ್ನ ಕಂಠವನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಒಂದು ದಿನ ಪ್ರಾರ್ಥನೆಯಲ್ಲಿ ನಿಂತಲ್ಲೇ ಕುಸಿದಳು. ಮೈ ಸುಡುತ್ತಿತ್ತು. ಆಸ್ಪತ್ರೆಗೆ ಸೇರಿಸಿದರು. ಸೋಂಕು ಮೂತ್ರಪಿಂಡದ ತನಕ ಏರಿದೆ, ಇನ್ನು ಮೇಲೆ ನೀರು ಚೆನ್ನಾಗಿ ಕುಡಿಯಬೇಕು, ತಡೆದುಕೊಳ್ಳಬಾರದು ಎಂದು ಡಾಕ್ಟರು ಹೇಳಿದರಂತೆ. ಮತ್ತೆ ಮರುಕಳಿಸಿದರೆ ಕಷ್ಟ ಎಂದೂ ಹೇಳಿದರಂತೆ.

ದುರುಗಪ್ಪ ಆಸ್ಪತ್ರೆಯಿಂದ ಮಗಳನ್ನು ಹಾಸ್ಟೆಲಿಗೆ ಬಿಡಲು ಬಂದ. ಮಾತು ಕಡಿಮೆಯ ಮನುಷ್ಯ. ಅವನ ಅಕ್ಕ ಆಗಲೇ ತನ್ನ ಮಗನಿಗೆ ದ್ಯಾವಮ್ಮನನ್ನು ಕೇಳುತ್ತಿದ್ದಳು. ಶಾಲೆ ಮುಗಿಯಲಿ ಎಂದು ಅವನೇ ತಡೆದಿದ್ದ. ಅಂದು ಪ್ರಮೀಳಾ ಮೇಡಂ ಮುಂದೆ ಟವೆಲ್ ಹಿಂಡುತ್ತ ನಿಂತ.

"ಮತ್ತೊಮ್ಮಿ ಜರ ಬಂತಂದ್ರ ನಾ ಯಾರ ಮಾತೂ ಕೇಳಾಂಗಿಲ್ರಿ. ಕರಕೊಂಡು ಹೋಗಿ ಮದುವಿ ಮಾಡ್ತೀನಿ. ಸಾಲಿ ಕಲ್ತು ಸಾಯೂದಕಿಂತ ಕಲೀಲಾರದ ಬದುಕಿರ್ಲಿ."

ದ್ಯಾವಮ್ಮ ಲೆಕ್ಕದಲ್ಲಿ ಇಡೀ ಕ್ಲಾಸಿಗೇ ಮುಂದು. ಹತ್ತನೇ ಮುಗಿಸಿ ಕಾಲೇಜು ಸೇರುವುದನ್ನು ಪಾಳಿಯಲ್ಲಿ ನಿಂತು ಎಷ್ಟೋ ಸಲ ಹೇಳುತ್ತಿದ್ದಳು. ಇನ್ನೊಂದು ಜ್ವರ ಬಂದರೆ ಅದೆಲ್ಲ ಮುಗಿಯುತ್ತಿತ್ತು. ನೀರು ಕುಡಿಯಲು ನಿಜವಾಗಿ ಪ್ರಯತ್ನಿಸಿದಳು. ಆದರೆ ಕುಡಿದಷ್ಟೂ ಹೋಗಬೇಕು, ಹೋಗಲು ಬಕೆಟ್ ಬೇಕು, ಬಕೆಟ್ ತುಂಬಲು ಪಾಳಿ. ಪಾಳಿ ಯಾರ ಮೂತ್ರಪಿಂಡಕ್ಕೂ ಕಾಯುವುದಿಲ್ಲ. ಮತ್ತೆ ಹಳೆಯ ರೂಢಿಗೇ ಬಿದ್ದಳು.

ಆಗ ಜಿಲ್ಲೆಯಿಂದ ಇಂಜಿನಿಯರ್ ಮೇಡಂ ಒಬ್ಬರು ಬರುತ್ತಾರೆಂಬ ಸುದ್ದಿ ಬಂತು. ಯಥಾಪ್ರಕಾರ ಏಣಿ, ಫಿನಾಯಿಲ್, ರಂಗೋಲಿ. ಈಗ ಕರೆಮ್ಮ ಹತ್ತನೇ ಕ್ಲಾಸು, ಎಲ್ಲದಕ್ಕೂ ಮುಂದಾಳು. ದ್ಯಾವಮ್ಮನಿಗೆ ಬೆಳಗಿನಿಂದ ಮತ್ತೆ ಉರಿ, ಮೈ ಸಣ್ಣಗೆ ಬೆಚ್ಚಗಿತ್ತು. ಯಾರಿಗೂ ಹೇಳದೆ ಏಣಿಯ ನಡುವೆ ನಿಂತು ಬಕೆಟ್ ದಾಟಿಸಿದಳು. ಟ್ಯಾಂಕು ತುಂಬಿತು. ನಾವು ಕಾಳಿನ ಕೋಣೆ ಸೇರಿದೆವು.

ಸ್ವಲ್ಪ ಹೊತ್ತಿಗೆ ದ್ಯಾವಮ್ಮ ಒಳಗೆ ಬಂದು, ಚೀಲಗಳ ಹಿಂದಿನಿಂದ ನನ್ನನ್ನು ಎಳೆದಳು. ಬಾಗಿಲಲ್ಲಿ ಕರೆಮ್ಮ ಅಡ್ಡ ನಿಂತಳು.

"ಏ, ಹುಚ್ಚಿ ಅದಿಯೇನು? ಜೀಪು ಬರೂ ಹೊತ್ತಾತು."

"ನನಗ ಹೋಗಬೇಕು."

"ಮಾಳಿಗಿ ಟ್ಯಾಂಕಿನ ನೀರು ಮುಟ್ಟಬಾರದು. ಅವರಿಗೆ ಸಾಕಾಗಾಂಗಿಲ್ಲ."

"ಅದಕ್ಕ ಬಕೀಟ ತಗೊಂಡೀನಿ. ಬಿಡ ಅಕ್ಕ, ತಡೀಲಾಕ ಆಗವಲ್ದು."

ಕರೆಮ್ಮನನ್ನು ತಳ್ಳಿಕೊಂಡೇ ಹೊರಬಂದು, ಅಡುಗೆಮನೆಯ ನಲ್ಲಿಯ ಕೆಳಗೆ ನನ್ನನ್ನು ಕುಕ್ಕಿದಳು. ಆ ಸದ್ದು ಇಡೀ ಹಾಸ್ಟೆಲಿಗೆ ಕೇಳಿಸಿತು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ. ಯಾರೋ ಪಾಳಿ ಹಚ್ಚಿದರು ಎಂದೇ ಎಲ್ಲರಿಗೂ ಅನಿಸಿತು! ಬೆಳಗಿನಿಂದ ಒಬ್ಬಳಿಗೂ ಸ್ನಾನವಾಗಿರಲಿಲ್ಲ. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಕೈಯಲ್ಲಿ ಸ್ವಾಗತದ ಹೂ ಹಿಡಿದಿದ್ದ ಹುಡುಗಿಯರು ಅದನ್ನೆಲ್ಲ ಬಿಸಾಕಿ ಕಾಳಿನ ಕೋಣೆಗೆ ನುಗ್ಗಿದರು. ತಡೆಯಲು ಹೋದ ಕರೆಮ್ಮ ತಾನೂ ಹಿಂದೆ ಬಿದ್ದೇನೆಂದು ತನ್ನ ಬಕೆಟ್ ಹುಡುಕತೊಡಗಿದಳು. ಪ್ರಮೀಳಾ ಮೇಡಂ ಹೊರಗೆ ಓಡಿಬರುವಷ್ಟರಲ್ಲಿ, ಅಡುಗೆಮನೆಯಿಂದ ಗೇಟಿನ ತನಕ ಕೆಂಪು, ನೀಲಿ, ಹಸಿರು ಬಕೆಟ್ಟುಗಳ ಸಾಲು ಶಿಸ್ತಾಗಿ ನಿಂತಿತ್ತು. ಜೀಪು ಒಳಗೆ ಬರಲು ದಾರಿಯಿಲ್ಲದೆ ಗೇಟಿನಲ್ಲೇ ನಿಂತಿತು.

ಇಂಜಿನಿಯರ್ ಮೇಡಂ ಇಳಿದು, ಸಾಲಿನ ಪಕ್ಕದಲ್ಲೇ ನಡೆದು ಬಂದು, ಮೊದಲನೆಯವನಾದ ನನ್ನ ಮುಂದೆ ನಿಂತರು. "ಏನಿದು?" ಎಂದರು.

"ಇವತ್ತೊಂದು ದಿನ ಮೇಡಂ, ಮೋಟರ್ ಸ್ವಲ್ಪ..." ಎಂದರು ಪ್ರಮೀಳಾ ಮೇಡಂ.

"ಇಲ್ರಿ, ದಿನಾ ಹಿಂಗ" ಎಂದಳು ದ್ಯಾವಮ್ಮ. ಅವಳ ಕೈ ನನ್ನ ಹಿಡಿಯ ಮೇಲಿತ್ತು.

ಇಂಜಿನಿಯರ್ ಮೇಡಂ ಹಿಂದಿನ ಸಾಲಿಗೆ ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿದರು. ನೀರು ಬಂತು. ಹುಬ್ಬು ಗಂಟಿಕ್ಕಿ ತಿರುಗಿ ನೋಡಿದರು. "ಇಲ್ಲಿ ಬರ್ತಾ ಇದೆಯಲ್ಲ?"

"ಅದು ನಾವ ಹಾಕಿದ್ದರಿ" ಎಂದಳು ದ್ಯಾವಮ್ಮ. "ನಿಮಗ ತೋರ್ಸಾಕ."

ಪ್ರಮೀಳಾ ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡು, ಕೊನೆಗೂ ಪೈಪಿನ ಕಥೆ ಹೇಳಿದರು. ಇಂಜಿನಿಯರ್ ಮೇಡಂ ಗೋಡೆಯ ಬುಡದಲ್ಲಿ ಅಗೆಸಿ ನೋಡಿ, "ಇಷ್ಟೇನಾ? ಇಷ್ಟಕ್ಕೇನಾ?" ಎಂದು ಎರಡು ಸಲ ಕೇಳಿದರು. ವಾರದೊಳಗೆ ಮಾಡಿಸುತ್ತೇನೆಂದು ಹೇಳಿ ಹೋದರು.

ಸರ್ಕಾರದ ವಾರ ನಿಮಗೆ ಗೊತ್ತೇ ಇದೆ. ಒಬ್ಬ ಬಂದು ಅಳತೆ ತೆಗೆದುಕೊಂಡು ಹೋದ. ಇನ್ನೊಬ್ಬ ಬಂದು ಅದೇ ಅಳತೆ ಮತ್ತೆ ತೆಗೆದ. ಪೈಪು ಬಂತು, ಜೋಡಿಸುವ ತಿರುಪು ಬರಲಿಲ್ಲ. ಅಷ್ಟು ದಿನ ಜ್ವರ ಕಾಯಲಿಲ್ಲ. ಇಂಜಿನಿಯರ್ ಮೇಡಂ ಬಂದುಹೋದ ರಾತ್ರಿಯೇ ದ್ಯಾವಮ್ಮನ ಮೈ ಕೆಂಡವಾಯಿತು, ಮತ್ತೆ ಆಸ್ಪತ್ರೆ. ಆಸ್ಪತ್ರೆಯಿಂದ ಬಿಟ್ಟ ದಿನ ದುರುಗಪ್ಪ ಹಾಸ್ಟೆಲಿಗೆ ಬಂದ. ಟ್ರಂಕು ಹೆಗಲಿಗೇರಿಸಿ, ನನ್ನೊಳಗೆ ತಟ್ಟೆ ಪುಸ್ತಕ ತುರುಕಿ, ಮಗಳ ಕೈ ಹಿಡಿದು ಬಸ್ಸು ಹತ್ತಿದ. ಗೇಟಿನ ಪಕ್ಕ ಜೋಡಿಸದ ಪೈಪುಗಳು ಬಿಸಿಲು ಕಾಯಿಸುತ್ತ ಬಿದ್ದಿದ್ದವು. ಅಂದಿನಷ್ಟು ಹೊಟ್ಟೆ ಉರಿ ನನಗೆ ಎಂದೂ ಆಗಿಲ್ಲ.

ಮನೆಯಲ್ಲಿ ನನಗೆ ಆಡುಗಳಿಗೆ ನೀರಿಡುವ ಕೆಲಸ. ದ್ಯಾವಮ್ಮ ಗುಣವಾದಳು. ಮೂಲೆಯಲ್ಲಿ ಕೂತು ಹಳೆಯ ಲೆಕ್ಕಗಳನ್ನೇ ಮತ್ತೆ ಮತ್ತೆ ಬಿಡಿಸುತ್ತಿದ್ದಳು. ಸೋದರತ್ತೆ ಬಂದು ಅವಳ ಕೈಗೆ ಹಸಿರು ಬಳೆಯ ಅಳತೆ ನೋಡಿಕೊಂಡು ಹೋದಳು. ಭೀಮವ್ವ ಅಂದು ಆಡುಗಳನ್ನೆಲ್ಲ ಸುಮ್ಮಸುಮ್ಮನೆ ಬೈದಳು.

ಹೀಗಿರುವಾಗ ಒಂದು ಮಧ್ಯಾಹ್ನ ಪ್ರಮೀಳಾ ಮೇಡಂ ಬೆವರುತ್ತ ನಮ್ಮ ಅಂಗಳಕ್ಕೆ ಬಂದರು. ನೆಲದಲ್ಲೇ ಕೂತರು.

"ಪೈಪು ಜೋಡಿಸಿದ್ರು. ಹಿಂದಿನ ಎಲ್ಲಾ ನಳದಾಗೂ ನೀರು ಬರ್ತಾವ. ಹೊರಗಾದೋರು ದೂರ ನಿಂದ್ರೂ ಕಾರಣನೂ ಇಲ್ಲ ಈಗ. ಹುಡುಗಿನ್ನ ಕಳಸ್ರಿ."

ದುರುಗಪ್ಪ ನಿಧಾನವಾಗಿ ಹೇಳಿದ: "ಸಾಹೇಬ್ರು ಬಂದಾಗೂ ಬರ್ತಿದ್ದುವಂತಲ್ರಿ, ನೀರು."

ನನಗೆ ಪ್ರಮೀಳಾ ಮೇಡಂ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ವರ್ಷಗಟ್ಟಲೆ ಇಲ್ಲದ ನೀರನ್ನು ಇದೆ ಎಂದು ನಂಬಿಸಿದವರು, ಈಗ ಇರುವ ನೀರನ್ನು ಇದೆ ಎಂದರೆ ನಂಬುವವರು ಯಾರು?

"ಯಾರೂ ಹೇಳೂದು ಬ್ಯಾಡ" ಎಂದಳು ಭೀಮವ್ವ, ಒಲೆಯ ಮುಂದಿನಿಂದ. "ನಾ ಹೋಗಿ ನೋಡ್ತೀನಿ. ಇಂಥ ದಿನ ಬರ್ತೀನಂತ ಹೇಳಾಂಗಿಲ್ಲ."

ಹೇಳದೆ ಕೇಳದೆ ಒಂದು ಬೆಳಗ್ಗೆ ಗಂಡ, ಮಗಳು, ಟ್ರಂಕು, ನಾನು ಎಲ್ಲರನ್ನೂ ಹೊರಡಿಸಿದಳು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ, ದುರುಗಪ್ಪ ಗೇಟಿನ ಹೊರಗೆ ಬೇವಿನ ನೆರಳಿಗೆ ಕೂತ. ಭೀಮವ್ವ ನನ್ನನ್ನು ಹಿಡಿದು ನೆಟ್ಟಗೆ ಹಿಂದಿನ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಂತು. ನಾನು ತುಂಬಿದೆ, ನಲ್ಲಿಯ ಕೆಳಗೆ ಕೂತು, ಬಾಯಿತುಂಬ! ಭೀಮವ್ವ ಕರಗಲಿಲ್ಲ. ಬಂದ್ ಮಾಡಿ ಹೊಸ್ತಿಲಲ್ಲಿ ಕೂತಳು. ಎಲೆ ಅಡಿಕೆ ಹಾಕಿಕೊಂಡಳು. ಮತ್ತೆ ತಿರುಗಿಸಿದಳು. ಬಂತು. ಪಕ್ಕದ್ದು ತಿರುಗಿಸಿದಳು, ಅದರ ಪಕ್ಕದ್ದು ತಿರುಗಿಸಿದಳು. ಮಾಳಿಗೆ ಹತ್ತಿ ಟ್ಯಾಂಕಿನೊಳಗೆ ಇಣುಕಿ, ಏಣಿ ಒದ್ದೆಯಿದೆಯೇ ಎಂದು ಕೈಯಾಡಿಸಿದಳು. ಊಟದ ಗಂಟೆ ಹೊಡೆಯಿತು, ಹುಡುಗಿಯರು ಬಂದು ಹೋಗಿ ಮಾಡಿದರು, ಹೊತ್ತು ಇಳಿಯತೊಡಗಿತು. ಆಕೆ ಎದ್ದೆದ್ದು ತಿರುಗಿಸುತ್ತಲೇ ಇದ್ದಳು. ದ್ಯಾವಮ್ಮ ಕಂಬ ಹಿಡಿದು ನಿಂತು ಉಗುರು ಕಚ್ಚುತ್ತಿದ್ದಳು.

ಕೊನೆಗೆ ಭೀಮವ್ವ ಒಳಗಿನಿಂದ ಬಾಗಿಲು ಹಾಕಿ ಚಿಲಕ ಜಡಿದಳು. ಚಿಲಕವನ್ನು ಎರಡು ಸಲ ತೆಗೆದು ಹಾಕಿ ನೋಡಿದಳು. ಆಮೇಲೆ ಸೀರೆ ಬಿಚ್ಚಿ ಗೂಟಕ್ಕೆ ಹಾಕಿದಳು. ಊರಿನಲ್ಲಿ ಆಕೆಯ ಸ್ನಾನ ಎಂದರೆ ನಸುಕಿನಲ್ಲಿ, ಹಳೆಯ ಸೀರೆಯ ಮರೆಯಲ್ಲಿ, ಉಟ್ಟ ಬಟ್ಟೆಯ ಮೇಲೇ ನಾಲ್ಕು ತಂಬಿಗೆ. ಆ ದಿನ ಅವಳು ನನ್ನನ್ನು ತುಂಬಿಸಿ ತುಂಬಿಸಿ ತಲೆಯ ಮೇಲೆ ಸುರಿದುಕೊಂಡಳು. ಮಗಳ ಸುವಾಸನೆಯ ಸೋಪು ಸವೆದು ಅರ್ಧವಾಯಿತು. ನಡುವೆ ಒಮ್ಮೆ ಸುಮ್ಮನೆ ನಿಂತು ಬಾಗಿಲನ್ನೇ ನೋಡಿದಳು. ಅತ್ತಳೋ ಏನೋ, ನೀರು ಸುರಿಯುತ್ತಿದ್ದುದರಿಂದ ನನಗೆ ತಿಳಿಯ​ಲಿಲ್ಲ.

ಒದ್ದೆ ಕೂದಲಲ್ಲಿ ಗೇಟಿಗೆ ಬಂದಾಗ ದುರುಗಪ್ಪ ಎದ್ದು ನಿಂತ. "ಏನು ಇಷ್ಟೊತ್ತು?"

"ನೀರು ಖರೇ ಅದಾವ" ಎಂದಳು ಭೀಮವ್ವ. "ಹುಡುಗಿ ಇಲ್ಲೇ ಇರ್ತಾಳ. ನಿಮ್ಮ ಅಕ್ಕಗ ಬ್ಯಾರೆ ಸೊಸಿ ನೋಡಂತ ಹೇಳು."

ದ್ಯಾವಮ್ಮ ಟ್ರಂಕು ಎತ್ತಿಕೊಂಡು ಒಳಗೆ ಓಡಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಅವಳಿಗೆ ಇನ್ನು ನಾನು ಯಾಕೆ? ಭೀಮವ್ವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ದಾರಿಯಲ್ಲಿ ಗಂಡನಿಗೆ ಒಂದೇ ಮಾತು ಹೇಳಿದಳು: "ನನಗೂ ಒಂದು ಬಚ್ಚಲಾ ಬೇಕು. ಬಾಗಲಾ ಇರೂದು."

ಅದಾಗಿ ವರ್ಷಗಳಾದವು. ದ್ಯಾವಮ್ಮ ಈಗ ಕಾಲೇಜಿನಲ್ಲಿದ್ದಾಳೆ. ನಾನು ಮುದುಕನಾಗಿ ಹಿತ್ತಲಲ್ಲಿ ಬಿದ್ದಿದ್ದೇನೆ. ಭೀಮವ್ವ ಕೇಳಿದ ಬಚ್ಚಲಿಗೆ ಸುತ್ತ ಗೋಡೆ ಎದ್ದಿದೆ, ನೆಲಕ್ಕೆ ಕಲ್ಲು ಬಿದ್ದಿದೆ, ಬಾಗಿಲಿನ ಜಾಗದಲ್ಲಿ ಮಾತ್ರ ಬರೀ ಗಾಳಿ. ಸುಗ್ಗಿ ಮುಗಿಯಲಿ ಎಂದ ದುರುಗಪ್ಪ. ಹಬ್ಬ ಕಳೆಯಲಿ ಎಂದ. ಮಳೆ ನಿಲ್ಲಲಿ ಎಂದ. ಆ ಗೋಡೆಗೆ ಭೀಮವ್ವ ಇನ್ನೂ ಹಳೆಯ ಸೀರೆಯನ್ನೇ ಕಟ್ಟುತ್ತಾಳೆ. ಒಂದು ಪೈಪಿನ ತುಂಡಿಗೆ, ಒಂದು ಹಲಗೆ ಬಾಗಿಲಿಗೆ ಹೆಂಗಸರು ಇಷ್ಟು ವರ್ಷ ಕಾಯಬೇಕೇ ಎಂದು ಯೋಚಿಸಿದರೆ ನನ್ನ ಸೀಳು ಇನ್ನಷ್ಟು ಅಗಲವಾಗುತ್ತದೆ.

ಇವತ್ತು ಬೆಳಗ್ಗೆ ದುರುಗಪ್ಪ ಕೈ ತೊಳೆದು ಊಟಕ್ಕೆ ಕೂತ. ಮುಂದೆ ತಟ್ಟೆ ಇರಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಭೀಮವ್ವ ತನ್ನ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

"ಬಾಗಲಾ ತಂದು ಉಣ್ಣು" ಎಂದಳು.

ದುರುಗಪ್ಪ ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಬಡಿಗೇರ ಓಣಿಯ ಕಡೆ ನಡೆದ.